ಗವ್ವಾಸುರನಿಗೆ ಎರಡು ಗುಂಡು

ನಾಪೋಕ್ಲು ಪೇಟೆಯಿಂದ ಸ್ವಲ್ಪ ಕೆಳಗೆ, ಗದ್ದೆ ಬಯಲಿನ ಅಂಚಿನಲ್ಲಿ ಮನೆ ಕಟ್ಟಿಕೊಂಡಿದ್ದ ಬೋಜಪ್ಪನಿಗೆ ನಂಬಿಕೆ ಎಂಬುದು ಮೈಗೆ ಒಗ್ಗದ ಪದಾರ್ಥ. ಕೆಲವರಿಗೆ ಬದನೆಕಾಯಿ ಆಗುವುದಿಲ್ಲವಲ್ಲ, ಹಾಗೆ. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದರೆ ಅವನಿಗೆ ಸಮಾಧಾನ. ಸರಿಯಾಗಿ ತೂಗಿ ಕೊಟ್ಟರೆ ಮಾತ್ರ ಇವತ್ತು ಯಾಕೆ ಸರಿಯಾಗಿ ಕೊಟ್ಟ ಎಂದು ಮನೆ ಮುಟ್ಟುವವರೆಗೂ ಯೋಚನೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು ಎಂದು ಊರೆಲ್ಲ ಗುಂಪು ಗುಂಪಾಗಿ ನಿಂತು ವಾದ ಮಾಡುತ್ತಿದ್ದ ದಿನ, ಬೋಜಪ್ಪ ತನ್ನ ಗದ್ದೆಯ ಗಡಿಕಲ್ಲುಗಳು ಇದ್ದಲ್ಲೇ ಇವೆಯೇ ಎಂದು ಹೋಗಿ ನೋಡಿಕೊಂಡು ಬಂದಿದ್ದ.

ಇಂಥವನ ಗದ್ದೆಯನ್ನೇ ಹುಡುಕಿಕೊಂಡು ಮರುವರ್ಷದ ಸುಗ್ಗಿ ಮುಗಿದ ಮೇಲೆ ಮಹದೇವಪ್ಪ ಬಂದ. ಶನಿವಾರಸಂತೆ ಕಡೆಯವನು. ರಟ್ಟಿನಲ್ಲೂ ಆಡಿನ ಚರ್ಮದಲ್ಲೂ ಗೊಂಬೆಗಳನ್ನು ಕತ್ತರಿಸಿ, ಕೈಕಾಲಿನ ಕೀಲಿಗೆ ದಾರ ಕಟ್ಟಿ, ಹಿಂದೆ ಪೆಟ್ರೊಮ್ಯಾಕ್ಸ್ ಹಚ್ಚಿಟ್ಟು ಬಿಳಿ ಬಟ್ಟೆಯ ಮೇಲೆ ಓಡಾಡಿಸುವುದು ಅವನ ಕಸುಬು. ಹೆಂಗಸರಿಂದ ಹಿಡಿದು ಆನೆಯವರೆಗೆ ಎಲ್ಲರ ದನಿಯನ್ನೂ ಅವನ ಹೆಂಡತಿ ವಿಶಾಲಾಕ್ಷಮ್ಮ ಒಬ್ಬಳೇ ಹೊರಡಿಸುತ್ತಿದ್ದಳು. ‘ಮಾಯಾಮಣಿಯ ಬೇಟೆ’ ಎಂಬ ಕಥೆ. ಶನಿವಾರಕ್ಕೊಂದು ಕಂತು.

“ಗೌಡ್ರೆ, ಗದ್ದೆ ಹೆಂಗೂ ಖಾಲಿ ಬಿದ್ದೈತೆ. ಆಟಕ್ಕೆ ಅಲ್ಲೊಂದು ಡೇರೆ ಹಾಕ್ಕೊಂತೀವಿ. ಮಳೆ ಬೀಳೋ ಮುಂಚೆ ಖಾಲಿ ಮಾಡ್ಬುಡ್ತೀವಿ ಕಣ್ರಿ,” ಎಂದ ಮಹದೇವಪ್ಪ.

“ಊರಲ್ಲಿ ಇಷ್ಟು ಗದ್ದೆ ಉಂಟು. ನನ್ನದೇ ಎಂತಕೆ?” ಎಂದ ಬೋಜಪ್ಪ.

“ನಿಮ್ದು ಸಮ ಐತೆ. ಅದ್ಕೆ.”

ಉತ್ತರ ನೇರವಾಗಿತ್ತು. ಆದ್ದರಿಂದಲೇ ಬೋಜಪ್ಪನಿಗೆ ಸರಿ ಕಾಣಲಿಲ್ಲ. ಆದರೂ ಒಪ್ಪಿದ, ಪ್ರತಿ ಶನಿವಾರ ತಾನು ಡೇರೆಯೊಳಗೆ ಕೂತು ಗದ್ದೆ ಕಾಯುವುದಾಗಿ ಷರತ್ತು ಹಾಕಿದ. ಹೆಂಡತಿ ಪೂವಮ್ಮನಿಗೆ ಮಾತ್ರ ಸಂಭ್ರಮ. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಕೆಲಸಕ್ಕೆ ಬರುವ ಲಿಂಗ ಒಬ್ಬ. ಬೋಜಪ್ಪನ ಪ್ರಶ್ನೆಗಳಿಗೆ ಹೆದರಿ ನೆಂಟರೂ ಹೆಚ್ಚು ಸುಳಿಯುತ್ತಿರಲಿಲ್ಲ. ವಿಶಾಲಾಕ್ಷಮ್ಮನಿಗೆ ಹಾಲು ಕೊಡುವ ನೆವದಲ್ಲಿ ಪೂವಮ್ಮ ದಿನಾ ಬೆಳಿಗ್ಗೆ ಡೇರೆಯ ಕಡೆ ಹೋಗತೊಡಗಿದಳು. ಹಾಲು ಕೊಡುವುದಕ್ಕೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಬಹಳ ಹೊತ್ತು ಅಲ್ಲಿರುತ್ತಿದ್ದಳು.

ಮೊದಲ ಕಂತು ನೋಡಿದ ಬೋಜಪ್ಪನಿಗೆ ತಡೆಯಲಾಗಲಿಲ್ಲ. ಇದೊಂದು ದೊಡ್ಡ ವಂಚನೆ, ಜನರನ್ನು ಎಚ್ಚರಿಸಬೇಕು ಎಂದು ಮಡಿಕೇರಿಯ ವಾರಪತ್ರಿಕೆಗೆ ದೂರು ಬರೆದು ಬಸ್ಸಿನಲ್ಲಿ ಕಳಿಸಿದ.

“ಕಳೆದ ಶನಿವಾರ ನಮ್ಮ ಗದ್ದೆಯಲ್ಲಿ ತೋರಿಸಿದ ಓಡುವ ಚಿತ್ರಗಳ ಕಥೆಯ ಬಗ್ಗೆ ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ಅದರಲ್ಲಿ ರಾಜಕುಮಾರನೊಬ್ಬನು ಹಾರುವ ಆಮೆಯ ಮೇಲೆ ಕೂತು ಮಾಯಾಮಣಿಯನ್ನು ಹುಡುಕಲು ಹೊರಟನು. ಆಮೆ ಯಾರದು? ಅರಮನೆಯದಾದರೆ ರಾಜನ ಅಪ್ಪಣೆ ಆಗಿತ್ತೆ? ದಾರಿಯಲ್ಲಿ ಒಬ್ಬ ಮುದುಕಿ ಏನೂ ಕೇಳದೆ ಅವನಿಗೆ ಮಂತ್ರದ ಉಂಗುರ ಕೊಟ್ಟಳು. ಏನೂ ಕೇಳದೆ ಕೊಡುವವರನ್ನು ಈ ಲೇಖಕನು ಇದುವರೆಗೆ ಕಂಡಿಲ್ಲ. ಮುದುಕಿಯನ್ನು ಹಿಡಿದು ವಿಚಾರಿಸುವುದು ಒಳ್ಳೆಯದು.”

ಗುರುವಾರದ ಬಸ್ಸಿನಲ್ಲಿ ಪತ್ರಿಕೆ ಬಂತು. ಸಂಪಾದಕರು ಆ ದೂರಿಗೆ ‘ನಗೆಹೊನಲು’ ಎಂದು ತಲೆಬರಹ ಕೊಟ್ಟು, ಸುತ್ತ ಬಳ್ಳಿಯ ಚಿತ್ರ ಹಾಕಿ ಅಚ್ಚು ಮಾಡಿದ್ದರು. ಪೇಟೆಯ ಜನ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕದ್ದು ಯಾಕೆ ಎಂದು ಬೋಜಪ್ಪನಿಗೆ ಅರ್ಥವಾಗಲಿಲ್ಲ. ಸಂಪಾದಕರಿಗೂ ಡೇರೆಯವನಿಗೂ ಒಳಗೊಳಗೆ ಏನೋ ಇದೆ ಎಂದುಕೊಂಡು, ಇನ್ನೂ ಖಾರವಾಗಿ ಎರಡನೆಯದು ಬರೆದ.

“ಗಾಜಿನ ಬೆಟ್ಟದಲ್ಲಿ ಸೆರೆಯಿರುವ ರಾಜಕುಮಾರಿ ವರ್ಷಗಟ್ಟಲೆ ಅನ್ನವಿಲ್ಲದೆ ಇದ್ದಾಳಂತೆ. ಆದರೂ ಗಲ್ಲ ತುಂಬಿಕೊಂಡಿದೆ. ಯಾರೋ ಹಿಂಬಾಗಿಲಿನಿಂದ ಊಟ ಕೊಡುತ್ತಿದ್ದಾರೆ. ಸೆರೆ ಹಿಡಿದ ಗವ್ವಾಸುರನೆಂಬ ರಾಕ್ಷಸನು ತನ್ನ ಜೀವವನ್ನು ಒಂದು ಗಿಳಿಯಲ್ಲಿ ಬಚ್ಚಿಟ್ಟಿದ್ದಾನೆ. ಗುಟ್ಟನ್ನು ಇಡಲು ಅವನಿಗೆ ಮಾತಾಡುವ ಹಕ್ಕಿಯೇ ಬೇಕಾಗಿತ್ತೆ? ಮೀನು ಇರಲಿಲ್ಲವೆ?”

ಅದೂ ಅಚ್ಚಾಗಿ ಬೋಜಪ್ಪನ ಹೆಸರು ಹಬ್ಬಿತು. ಪಾಲಿಬೆಟ್ಟದ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳು ಕೂಡ ಗುರುವಾರ ಪತ್ರಿಕೆಗೆ ಕಾಯುತ್ತಿದ್ದಾರೆ ಎಂದು ಬಸ್ಸಿನ ಕಂಡಕ್ಟರ್ ಬಂದು ಹೇಳಿದ. ಬರಹ ಓದಿದವರಿಗೆ ಆಟ ನೋಡುವ ಆಸೆ, ಆಟ ನೋಡಿದವರಿಗೆ ಬರಹ ಓದುವ ಆಸೆ. ಡೇರೆ ತುಂಬತೊಡಗಿತು. ವಂಚನೆಯನ್ನು ಬಯಲು ಮಾಡಲು ಹೊರಟವನು ಅದಕ್ಕೆ ಡಂಗುರ ಹೊಡೆದಂತಾಯಿತು.

ಎಡವಟ್ಟು ಶುರುವಾದದ್ದು ಆಮೇಲೆ. ಒಂದು ಶನಿವಾರ ಪರದೆಯ ಮೇಲೆ ಗವ್ವಾಸುರ ಊಟಕ್ಕೆ ಕೂತ. ಮೊದಲ ತುತ್ತನ್ನು ಬೆಕ್ಕಿಗೆ ಹಾಕಿ, ಬೆಕ್ಕು ಸಾಯುತ್ತದೋ ಇಲ್ಲವೋ ಎಂದು ಗಲ್ಲಕ್ಕೆ ಕೈಕೊಟ್ಟು ಕಾದ. ಬೆಕ್ಕು ಮೈ ನೆಕ್ಕಿಕೊಂಡು ಹೋಯಿತು. ಆಗ ರಾಕ್ಷಸ ನಿಟ್ಟುಸಿರು ಬಿಟ್ಟು ಉಂಡ. ಜನ ಬಿದ್ದು ಬಿದ್ದು ನಕ್ಕರು. ಬೋಜಪ್ಪ ಮೆಲ್ಲಗೆ ಅಕ್ಕಪಕ್ಕದವರ ಮುಖ ನೋಡಿದ. ಏಕೆಂದರೆ ತಾನೂ ಹಾಗೆಯೇ ಉಣ್ಣುತ್ತಿದ್ದ, ಅದೂ ಅಡಿಗೆಮನೆಯ ಬಾಗಿಲು ಹಾಕಿಕೊಂಡು.

ಮುಂದಿನ ವಾರ ರಾಕ್ಷಸ ಕಣಜದ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮಲಗಿದ. ಗೊರಕೆಯ ನಡುವೆ ಕೈ ಹಾಕಿ ಅದು ಇದೆಯೇ ಎಂದು ಮುಟ್ಟಿ ನೋಡಿಕೊಂಡ. ಅದರ ಮುಂದಿನ ವಾರ ನೆಂಟರು ಹೊರಟು ಹೋದ ಮೇಲೆ ಲೋಟಗಳನ್ನು ಎಣಿಸಿದ. ಈ ಸಲ ಮುಂದಿನ ಸಾಲಿನಲ್ಲಿದ್ದವರು ತಿರುಗಿ ಬೋಜಪ್ಪನ ಕಡೆ ನೋಡಿದರು. ಪಕ್ಕದ ಮನೆಯ ಮೊಣ್ಣಪ್ಪನಂತೂ, “ಬೋಜಪ್ಪಣ್ಣ, ನಿಮ್ಮ ನೆಂಟನಾ ಹೇಂಗೆ ಅವ?” ಎಂದು ಕೇಳಿಯೇ ಬಿಟ್ಟ.

ಮನೆಯೊಳಗಿನ ಮಾತು ಪರದೆಗೆ ಹೋಗುತ್ತಿದೆ. ಒಯ್ಯುತ್ತಿರುವವರು ಯಾರು? ಬೋಜಪ್ಪ ಪತ್ತೇದಾರಿಕೆಗೆ ಇಳಿದ. ದನ ಕಟ್ಟುತ್ತಿದ್ದ ಲಿಂಗನ ಹತ್ತಿರ ಹೋಗಿ, ಯಾರಿಗೂ ಹೇಳಬೇಡ ಎಂದು ಪ್ರಮಾಣ ಮಾಡಿಸಿ, ತನಗೆ ಹಲ್ಲಿ ಕಂಡರೆ ಪ್ರಾಣ ಹೋದ ಹಾಗೆ ಆಗುತ್ತದೆ ಎಂದು ಸುಳ್ಳು ಹೇಳಿದ. ಶನಿವಾರ ಕಣ್ಣು ಮಿಟುಕಿಸದೆ ಕಾದ. ಪರದೆಯ ಮೇಲೆ ಹಲ್ಲಿ ಬರಲಿಲ್ಲ. ಲಿಂಗ ಪಾರಾದ. ಇನ್ನು ಉಳಿದವಳು ಒಬ್ಬಳೇ.

ಹಾಗಂತ ಮನಸ್ಸು ಒಪ್ಪಲಿಲ್ಲ. ಇಡೀ ಲೋಕದಲ್ಲಿ ಬೋಜಪ್ಪ ಬೀಗ ಹಾಕದೆ ಬಿಟ್ಟಿದ್ದ ಬಾಗಿಲು ಪೂವಮ್ಮ ಒಬ್ಬಳೇ. ಬೆಕ್ಕಿಗೆ ತುತ್ತು ಹಾಕುತ್ತಿದ್ದುದು ನಿಜ, ಆದರೆ ಅವನಿಗೆ ಅನುಮಾನವಿದ್ದುದು ಅಕ್ಕಿಯ ಮೇಲೆ, ಉಪ್ಪಿನ ಮೇಲೆ, ಅಂಗಡಿಯವನ ಮೇಲೆ. ಬಡಿಸುವ ಕೈಯ ಮೇಲೆ ಯಾವತ್ತೂ ಇರಲಿಲ್ಲ. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಈಗ ಅವಳೂ ಊರಿನವರ ಜೊತೆ ಸೇರಿ ನಗುತ್ತಿದ್ದಾಳೆಂದರೆ ಅವನಿಗೆ ಅಂತ ಇನ್ನು ಯಾರೂ ಇಲ್ಲ. ಆ ವಾರವೆಲ್ಲ ಅವನು ಊಟ ಬಿಟ್ಟ. ಬೆಕ್ಕಿಗೆ ಅದರಿಂದ ಬಹಳ ತೊಂದರೆಯಾಯಿತು.

ಆಮೇಲಿನ ಶನಿವಾರ ಯಾರೂ ನಿರೀಕ್ಷಿಸದ ಕಂತು ಬಂತು. ಗಾಜಿನ ಬೆಟ್ಟದಲ್ಲಿ ರಾಜಕುಮಾರಿಗೆ ಜ್ವರ. ಗವ್ವಾಸುರ ಅವಳ ಹಾಸಿಗೆಯ ಪಕ್ಕ ಕೂತು ಬೀಸಣಿಗೆ ಬೀಸುತ್ತಿದ್ದಾನೆ. ಕಣ್ಣಲ್ಲಿ ನೀರು. ಅವಳು ಕಣ್ಣು ಬಿಟ್ಟ ಕೂಡಲೇ ಗಡಸು ದನಿ ಮಾಡಿ, ನೊಣ ಓಡಿಸ್ತಿದ್ದೆ, ನಿನಗೆ ಬೀಸಿದ್ದಲ್ಲ, ಎನ್ನುತ್ತಾನೆ. ಡೇರೆಯಲ್ಲಿ ನಗು ಬರಲಿಲ್ಲ. ಯಾರೋ ಹೆಂಗಸು ಮೂಗು ಒರೆಸಿಕೊಂಡದ್ದು ಕೇಳಿಸಿತು.

ಬೋಜಪ್ಪ ಎದ್ದು ನೆಟ್ಟಗೆ ಮನೆಗೆ ಬಂದ. ಅಡಿಗೆಮನೆಯಲ್ಲಿ ಪೂವಮ್ಮ ಒಲೆ ಊದುತ್ತಿದ್ದಳು. ಹೋದ ಮಳೆಗಾಲದಲ್ಲಿ ಅವಳು ಜ್ವರ ಬಂದು ಮಲಗಿದ್ದಾಗ ಅವನು ಆಡಿದ ಮಾತು ಅದು. ಮನೆಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ.

“ನೊಣದ ಮಾತು ಡೇರೆಗೆ ಹೇಂಗೆ ಹೋತು?” ಎಂದ.

ಪೂವಮ್ಮ ತಿರುಗಿ ನೋಡಿದಳು. “ನೀವು ನನ್ನನ್ನೂ ಅನುಮಾನ ಮಾಡ್ತೀರಾ?”

“ಹೌದು ಇಲ್ಲೆ ಅಂತ ಹೇಳು. ಪ್ರಶ್ನೆಗೆ ಪ್ರಶ್ನೆ ಬೇಡ.”

ಅವಳು ಒಲೆಯ ಮುಂದಿನಿಂದ ಎದ್ದಳು. ಊದುಕೊಳವೆಯನ್ನು ಗೋಡೆಗೆ ಒರಗಿಸಿಟ್ಟಳು. ಬೆಳಗಾದ ಮೇಲೆ ಎರಡು ಸೀರೆ ಗಂಟು ಕಟ್ಟಿಕೊಂಡು, ಬಯಲಿನ ಆಚೆ ದಡದಲ್ಲಿದ್ದ ತವರುಮನೆಗೆ ಹೊರಟು ಹೋದಳು. ಬೋಜಪ್ಪ ಜಗಲಿಯಲ್ಲಿ ಕೂತು ನೋಡಿದ. ಗದ್ದೆಯ ಬದುವಿನ ಮೇಲೆ ಅವಳು ಸಣ್ಣದಾಗುತ್ತಾ ಹೋದಳು. ಕೂಗಿ ಕರೆಯಬೇಕು ಅನ್ನಿಸಿತು. ಕರೆದರೆ ತಪ್ಪು ತನ್ನದೆಂದು ಒಪ್ಪಿಕೊಂಡ ಹಾಗೆ ಎಂದು ಬಾಯಿ ಮುಚ್ಚಿಕೊಂಡ.

ಈಗ ಸಿಟ್ಟೆಲ್ಲ ಗವ್ವಾಸುರನ ಮೇಲೆ ತಿರುಗಿತು. ಆ ರಟ್ಟಿನ ರಾಕ್ಷಸ ತನ್ನ ಬೆಕ್ಕು, ತನ್ನ ಬೀಗದ ಕೈ, ತನ್ನ ಹೆಂಡತಿ ಎಲ್ಲವನ್ನೂ ಕಸಿದುಕೊಂಡಿದ್ದ. ಮುಂದಿನ ಶನಿವಾರ ಕಡೆಯ ಕಂತು, ರಾಕ್ಷಸನ ಸಾವು ಎಂದು ಮಹದೇವಪ್ಪ ಪೇಟೆಯಲ್ಲೆಲ್ಲ ಹೇಳಿಸಿದ್ದ. ಬೋಜಪ್ಪ ಲಾಂದ್ರ ಹತ್ತಿರಕ್ಕೆಳೆದುಕೊಂಡು ಬರೆದ.

“ರಾಕ್ಷಸನು ಸಾಯುವುದಾದರೆ ಕ್ರಮವಾಗಿ ಸಾಯಲಿ. ಗಿಳಿಯ ಕತ್ತು ತಿರುವಿ, ಒಂದು ಸಲ ಕಿರುಚಿಸಿ ಕೈತೊಳೆದುಕೊಳ್ಳುವ ಅಂದಾಜು ಕಾಣುತ್ತದೆ. ಇದು ಕೊಡಗು. ಇಲ್ಲಿ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಎರಡು ಗುಂಡು ಹಾರಿಸುತ್ತಾರೆ. ಅದನ್ನು ಕೇಳಿದ ಮೇಲೆಯೇ ಊರು ನಂಬುವುದು. ಗುಂಡಿಲ್ಲದೆ ಸತ್ತವನು ಸತ್ತಿದ್ದಾನೆಂದು ಈ ಲೇಖಕನು ಒಪ್ಪುವುದಿಲ್ಲ.”

ಪತ್ರಿಕೆ ಬಂದ ದಿನ ಸಂಜೆಯೇ ಮಹದೇವಪ್ಪ ಅಂಗಳಕ್ಕೆ ಬಂದು ಕೈಮುಗಿದು ನಿಂತ. “ನೀವು ಬರೆದದ್ದು ನ್ಯಾಯವಾಗೈತೆ ಗೌಡ್ರೆ. ನಾವು ಆ ಕಡೆಯೋರು, ನಮ್ಗೆ ಗುಂಡಿನ ರಿವಾಜಿಲ್ಲ. ಆಟಕ್ಕೆ ನಿಮ್ ಕೋವಿ ಒಂದ್ ಗಳಿಗೆ ಕೊಡ್ತೀರಾ?”

ಕೋವಿ ಕೇಳುತ್ತಾನೆ! ಬೋಜಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಾತನ ಕಾಲದಿಂದ ಬಂದ ಎರಡು ನಳಿಗೆಯ ಕೋವಿ ಅದು. ಕೈಲ್ ಮುಹೂರ್ತದ ಹಬ್ಬದಲ್ಲಿ ಅದಕ್ಕೆ ಪೂಜೆ. ಪರರ ಕೈಗೆ ಕೊಡುವ ವಸ್ತುವಲ್ಲ. ಆದರೆ ಗವ್ವಾಸುರನನ್ನು ತನ್ನ ಕೈಯಾರೆ ಕೊಲ್ಲುವ ಯೋಗ ಮನೆಬಾಗಿಲಿಗೆ ಬಂದಿದೆ. ಆ ಯೋಚನೆಯೇ ಅವನಿಗೆ ಹಿತವಾಯಿತು.

“ಕೋವಿ ಕೊಡುದಿಲ್ಲೆ,” ಎಂದ. “ಗುಂಡು ನಾನೇ ಹೊಡಿತೇನೆ. ನನ್ನ ಅಂಗಳಂದ. ನಿಮ್ಮ ಹೆಂಡ್ತಿ ಒಮ್ಮೆ ಕಿರುಚಲಿ, ಅದೇ ಗುರುತು.”

ಶನಿವಾರ ದೀಪ ಹಚ್ಚುವ ಹೊತ್ತಿಗೆ ಡೇರೆ ಕಿಕ್ಕಿರಿದಿತ್ತು. ಬೋಜಪ್ಪ ಒಳಗೆ ಕೂರಲಿಲ್ಲ. ತೋಟಾ ತುಂಬಿ, ಕೋವಿ ಹಿಡಿದು, ಅಂಗಳದ ತುಳಸಿಕಟ್ಟೆಯ ಪಕ್ಕ ನಿಂತ. ಕೆಳಗಿನ ಗದ್ದೆಯಿಂದ ಆಮೆ ಹಾರಿದ ಸದ್ದು, ಕತ್ತಿ ತಾಗಿದ ಸದ್ದು ತೇಲಿಬಂತು. ಕೊನೆಗೆ ವಿಶಾಲಾಕ್ಷಮ್ಮ ಕಿರುಚಿದಳು. ಹಕ್ಕಿಯೂ ರಾಕ್ಷಸನೂ ಒಟ್ಟಿಗೆ ಸತ್ತ ಹಾಗೆ ಭಯಂಕರ ಕಿರುಚು. ಬೋಜಪ್ಪ ಕೋವಿಯೆತ್ತಿ ಢಮ್ಮೆಂದು ಒಂದು ಹೊಡೆದ. ಉಸಿರು ಹಿಡಿದು ಎರಡನೆಯದನ್ನೂ ಹೊಡೆದ. ಡೇರೆಯಿಂದ ಚಪ್ಪಾಳೆ ಎದ್ದಿತು. ತೀರಿತು ಪೀಡೆ ಎಂದುಕೊಂಡು ಕೋವಿ ಒಳಗಿಟ್ಟು, ಜಗಲಿಗೆ ಬಂದು ಎಲೆ ಅಡಿಕೆ ಹಾಕಿಕೊಂಡ. ಇಷ್ಟು ದಿನ ಎಲ್ಲರ ಮೇಲೂ ಕಣ್ಣಿಟ್ಟಿದ್ದ ಮನುಷ್ಯ ತನ್ನ ಕೈ ಏನು ಮಾಡಿತೆಂದು ನೋಡಲಿಲ್ಲ.

ಡೇರೆಯೊಳಗಿದ್ದವರಿಗೆ ಸತ್ತದ್ದು ಗವ್ವಾಸುರ. ಡೇರೆಗೆ ಬಾರದೆ ಬಯಲಿನ ಸುತ್ತಲಿನ ಮನೆಗಳಲ್ಲಿ ಉಳಿದಿದ್ದವರಿಗೆ ಗುಂಡು ಕೇಳಿದ್ದು ಬೋಜಪ್ಪನ ಅಂಗಳದಿಂದ. ಆ ಕೋವಿಯ ದನಿಯೂ ಅವರಿಗೆ ಗೊತ್ತು. ಮನೆಯಲ್ಲಿ ಬೋಜಪ್ಪ ಒಬ್ಬನೇ ಇದ್ದಾನೆಂಬುದೂ ಗೊತ್ತು. ಗುಂಡು ಹಾರಿಸಿದವನು ಲಿಂಗನಿರಬೇಕು ಎಂದುಕೊಂಡರು. ಉಣ್ಣುತ್ತಿದ್ದವರು ಕೈತೊಳೆದರು. ಗಂಡಸರು ಬಿಳಿ ಬಟ್ಟೆ ಉಟ್ಟು ಒಣಗರಿಯ ಸೂಟೆ ಹಚ್ಚಿಕೊಂಡು ಹೊರಟರು.

ಬೋಜಪ್ಪನಿಗೆ ಮೊದಲು ಕಂಡದ್ದು ಬಯಲಿನಲ್ಲಿ ಎಲ್ಲ ದಿಕ್ಕಿನಿಂದಲೂ ತನ್ನ ಮನೆಯ ಕಡೆ ಬರುತ್ತಿದ್ದ ಬೆಂಕಿಯ ಸಾಲುಗಳು. ದರೋಡೆ ಎಂದು ಎದ್ದುನಿಂತ. ಮರುಗಳಿಗೆಯಲ್ಲಿ ಹಿತ್ತಿಲಿನಿಂದ ಠಕ್ ಠಕ್ ಎಂಬ ಸದ್ದು. ಓಡಿಹೋಗಿ ನೋಡಿದರೆ, ಮೊಣ್ಣಪ್ಪ ಕಣ್ಣೀರು ಒರೆಸಿಕೊಳ್ಳುತ್ತಾ, ಚಿತೆಗೆಂದು ಬೋಜಪ್ಪನ ಮಾವಿನ ಮರಕ್ಕೆ ಕೊಡಲಿ ಹಾಕುತ್ತಿದ್ದಾನೆ.

“ಏಯ್! ನನ್ನ ಮರ!”

ಮೊಣ್ಣಪ್ಪ ಕೊಡಲಿ ಬಿಟ್ಟು ಎರಡು ಹೆಜ್ಜೆ ಹಾರಿದ. “ಅಯ್ಯೋ ದೇವರೇ, ಬೋಜಪ್ಪಣ್ಣ, ನಿಮ್ಗೆ ಗುಂಡು ಹೊಡ್ದಾಗಿದೆಯಲ್ಲ!”

ಆಗ ತಿಳಿಯಿತು. ಅಂಗಳಕ್ಕೆ ಬಂದರೆ ಜನವೋ ಜನ. ಯಾರು ಹೋದ ಮೇಲೆ ಲೋಟ ಎಣಿಸುತ್ತಿದ್ದನೋ ಆ ನೆಂಟರು, ಗಡಿಕಲ್ಲಿಗೆ ಜಗಳವಾಡಿ ಮಾತು ಬಿಟ್ಟಿದ್ದ ಉತ್ತಯ್ಯ, ತೂಕದ ಅಂಗಡಿಯವನು, ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾರೆ. ಹೆಣವೇ ನಡೆದುಕೊಂಡು ಬಂದದ್ದು ನೋಡಿ ಕೆಲವರು ಹಿಂದೆ ಸರಿದರು. ಡೇರೆಯಿಂದ ಓಡಿಬಂದ ಮಹದೇವಪ್ಪ, “ಸತ್ತಿದ್ದು ನಮ್ ರಾಕ್ಷಸ ಕಣ್ರಪ್ಪೋ, ಗೌಡ್ರಲ್ಲ!” ಎಂದು ಕೂಗಿ ಕೂಗಿ ಹೇಳಿದ. ಯಾರು ಏನು ಆಸೆಪಟ್ಟು ಬಂದಿದ್ದಾರೋ ಎಂದು ಬೋಜಪ್ಪ ಅಭ್ಯಾಸದಂತೆ ಮುಖ ಮುಖ ಹುಡುಕಿದ. ಉತ್ತಯ್ಯನ ಕಣ್ಣು ಕೆಂಪಾಗಿತ್ತು. ಅದಕ್ಕೆ ಏನು ಕಾರಣ ಹಚ್ಚಬೇಕೆಂದು ತಿಳಿಯದೆ ಬೋಜಪ್ಪ ಬೇರೆ ಕಡೆ ನೋಡಿದ.

ಗುಂಪು ಎರಡಾಗಿ ಸರಿಯಿತು. ನಡುವೆ ಪೂವಮ್ಮ ಬಂದಳು. ರೊಟ್ಟಿ ತಟ್ಟುತ್ತಿದ್ದವಳು ಹಾಗೆಯೇ ಎದ್ದು ಓಡಿ ಬಂದಿದ್ದಳು. ಕೈಗಂಟಿದ ಅಕ್ಕಿಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ದಾರಿ ಬಿಟ್ಟು ಗದ್ದೆಗಳ ನಡುವೆಯೇ ನುಗ್ಗಿದ್ದರಿಂದ ಭತ್ತದ ಕೂಳೆ ಚುಚ್ಚಿ ಕಾಲಿನಿಂದ ರಕ್ತ ಬರುತ್ತಿತ್ತು. ಸೂಟೆ ಹಿಡಿದ ಅವಳ ಅಣ್ಣ ಇನ್ನೂ ಹಿಂದೆ ಉಳಿದಿದ್ದ. ಅವಳು ಬೋಜಪ್ಪನನ್ನು ನೋಡಿದಳು. ನಂಬದೆ ಇನ್ನೊಮ್ಮೆ ನೋಡಿದಳು.

“ಸತ್ತಿಲ್ಲೆಯಾ ನೀವು?”

“ಇಲ್ಲೆ.”

“ಮತ್ತೆ ಗುಂಡು?”

“ರಾಕ್ಷಸನಿಗೆ.”

ಪೂವಮ್ಮ ಹತ್ತಿರ ಬಂದು, ಊರೆಲ್ಲ ನೋಡುತ್ತಿದ್ದಂತೆ, ಹಿಟ್ಟಿನ ಕೈ ಮುಷ್ಟಿ ಕಟ್ಟಿ ಗಂಡನ ಎದೆಗೆ ಒಂದು ಗುದ್ದಿದಳು. ಇನ್ನೊಂದು ಗುದ್ದಿದಳು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು. ಗಂಡಸರೆಲ್ಲ ಇದ್ದಕ್ಕಿದ್ದಂತೆ ಆಕಾಶದ ನಕ್ಷತ್ರ ನೋಡತೊಡಗಿದರು.

ಸಾವಿನ ಮನೆಯಲ್ಲಿ ನೀರೂ ಮುಟ್ಟದೆ ಹೋಗಬೇಕಿದ್ದವರಿಗೆ ವಿಶಾಲಾಕ್ಷಮ್ಮ ಬೆಲ್ಲದ ಕಾಫಿ ಕಾಸಿ ಕೊಟ್ಟಳು. ಕುಡಿದು, ಬೈದು, ನಕ್ಕು ಜನ ಹೊರಟರು. ಲೋಟಗಳು ಜಗಲಿಯ ತುಂಬ ಬಿದ್ದಿದ್ದವು. ಗಂಡ ಹೆಂಡತಿ ಇಬ್ಬರೇ ಉಳಿದ ಮೇಲೆ ಪೂವಮ್ಮ ಕಣ್ಣು ಒರೆಸಿಕೊಂಡು ಅವನ ಕಡೆ ತಿರುಗಿದಳು.

“ಡೇರೆಗೆ ಹೇಳ್ದು ನಾನೇ,” ಎಂದಳು. “ಬೆಕ್ಕು, ಬೀಗದ ಕೈ, ಲೋಟ ಎಲ್ಲ. ನೀವು ಮಾತಾಡುದು ಪ್ರಶ್ನೆ ಕೇಳುಕೆ ಮಾತ್ರ. ನಂಗೂ ಒಬ್ಬರ ಹತ್ರ ಮಾತಾಡ್ಬೇಕು ಅಂತ ಆತು. ವಿಶಾಲಾಕ್ಷಕ್ಕ ಅದನ್ನ ಪರದೆಗೆ ಹಾಕ್ತಾರೆ ಅಂತ ಮೊದ್ಲು ಗೊತ್ತಿರ್ಲಿಲ್ಲೆ. ಗೊತ್ತಾದ ಮೇಲೆ ನೋಡ್ದೆ, ಎಲ್ಲರೂ ನಿಮ್ಮನ್ನ ನೋಡಿ ನಗುದೇ. ನಂಗೆ ತಡ್ಕಳಕ್ಕಾಗ್ಲಿಲ್ಲೆ. ಅದ್ಕೆ ಜ್ವರದ್ದು ಹೇಳ್ದೆ. ಅದೂ ಅವ್ಕೆ ಗೊತ್ತಾಗ್ಲಿ ಅಂತ.”

ಬೋಜಪ್ಪನ ಅನುಮಾನ ನಿಜವಾಗಿತ್ತು. ಆಯುಷ್ಯದಲ್ಲಿ ಮೊದಲ ಸಲ ಒಂದು ಅನುಮಾನ ಸಾಕ್ಷಿ ಸಮೇತ ಕೈಗೆ ಸಿಕ್ಕಿತ್ತು. ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ, ಹೇಳಿಕೊಳ್ಳಲಾಗದಷ್ಟು ಸಂತೋಷವೂ ಆಯಿತು. ಆದರೂ ಹುಟ್ಟುಗುಣ ಬಿಡುತ್ತದೆಯೇ?

“ಬಯಲಿನ ಆಚೆಯಿಂದ ಅಳ್ತಾನೇ ಬಂದ್ಯಾ,” ಎಂದು ಕೇಳಿದ, “ಅಲ್ಲ, ಜನ ಕಂಡ ಮೇಲೆಯಾ?”

“ದಾರಿ ಉದ್ದಕೂ,” ಎಂದಳು ಪೂವಮ್ಮ. “ಅಷ್ಟೂ ಅಳು ದಂಡ ಆತು. ವಾಪಸ್ ಕೊಡಿ ಈಗ.”

ಅವಳ ಕಾಲಿನ ರಕ್ತ ಮೆಟ್ಟಿಲ ಕಲ್ಲಿನ ಮೇಲೆ ಒಣಗುತ್ತಿತ್ತು.

“ಡೇರೆಯವ್ಕೆ ಇನ್ನೂ ಎಂತೆಲ್ಲ ಹೇಳಿಯ?” ಎಂದ, ಸಣ್ಣ ದನಿಯಲ್ಲಿ.

“ಬೇಕಾದಷ್ಟು ಉಂಟು. ಹೇಳ್ಲಾ?”

ಅವನು ಜಗಲಿಯ ಲೋಟಗಳ ಕಡೆ ನೋಡಿದ, ಎಣಿಸಲಿಲ್ಲ.

“ಬೇಡ,” ಎಂದ. “ಕೂತ್ಕೊ. ಬಿಸಿನೀರು ತರ್ತೇನೆ.”

ಬಚ್ಚಲುಮನೆಯ ಒಲೆಯ ಮುಂದೆ ಕೂತು ಬೋಜಪ್ಪ ಹಸಿ ಸೌದೆ ಊದಿದ. ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು. ಒಳಗೆ ಬಂದು ಯಾಕೆ ಅಳುತ್ತಿದ್ದೀರಿ ಎಂದು ಪೂವಮ್ಮ ಕೇಳಿದರೆ, ಹೊಗೆ ಎನ್ನದೆ ಅಳುತ್ತಿದ್ದೇನೆ ಎಂದೇ ಹೇಳಬೇಕು ಎಂದು ಅವನು ನಿಶ್ಚಯ ಮಾಡಿಕೊಂಡ.